ನಿತ್ಯವ್ರತವಾದ ನಂಬಿಕೆ: ಫ. ಗು. ಹಳಕಟ್ಟಿಯವರ ಬದುಕು

ವಚನ ಸಾಹಿತ್ಯವಿಲ್ಲದ ಕನ್ನಡ ಪಠ್ಯಕ್ರಮವನ್ನು ಇಂದು ಊಹಿಸಿಕೊಳ್ಳುವುದೂ ಕಷ್ಟ. ಪಂಪ, ಕುಮಾರವ್ಯಾಸರ ಜೊತೆಗೆ ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರನ್ನು ವಿದ್ಯಾರ್ಥಿಗಳು ಸಹಜವೆಂಬಂತೆ ಓದುತ್ತಾರೆ. ಆದರೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದ್ವತ್ ಲೋಕಕ್ಕೆ ಹೆಸರಿನಿಂದಾದರೂ ಪರಿಚಿತರಾಗಿದ್ದ ವಚನಕಾರರು ಸುಮಾರು ಐವತ್ತು ಮಂದಿ ಮಾತ್ರ. ಆ ಸಂಖ್ಯೆ ಇನ್ನೂರೈವತ್ತರ ಸುಮಾರಿಗೆ ಏರಿದ್ದು ಬಹುಮಟ್ಟಿಗೆ ಒಬ್ಬ ವ್ಯಕ್ತಿಯ ದುಡಿಮೆಯಿಂದ. ಆ ವ್ಯಕ್ತಿ ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಆಗಿರಲಿಲ್ಲ. ಸಂಶೋಧನೆಗೆಂದು ಅವರಿಗೆ ಸಂಬಳವಿರಲಿಲ್ಲ, ಸಹಾಯಕರ ಪಡೆಯಿರಲಿಲ್ಲ. ಅವರು ಬಿಜಾಪುರದ ವಕೀಲರು. ನ್ಯಾಯಾಲಯದ ಕೆಲಸದ ನಡುವೆ ಬಿಡುವು ಮಾಡಿಕೊಂಡು ಆರಂಭಿಸಿದ ಒಂದು ಅಭ್ಯಾಸವು ಕಾಲಕ್ರಮದಲ್ಲಿ ವಕೀಲಿಯನ್ನೇ ಹಿಂದಕ್ಕೆ ಸರಿಸಿ ಬದುಕನ್ನೆಲ್ಲ ಆವರಿಸಿಕೊಂಡ ಬಗೆಯನ್ನು ಅವರ ಜೀವನದಲ್ಲಿ ಕಾಣಬಹುದು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರೂ ಹೌದು. ಮರಾಠಿಯ ಪ್ರಭಾವ ಪ್ರಬಲವಾಗಿದ್ದ ಆ ಕಾಲದ ಧಾರವಾಡದಲ್ಲಿ ಕನ್ನಡದಲ್ಲಿ ಬರೆಯುವುದೇ ಒಂದು ನಿಲುವಾಗಿತ್ತೆಂಬುದನ್ನು ಮರೆಯುವಂತಿಲ್ಲ. ತಾಯಿ ದಾನಮ್ಮನವರು ಮಗು ಮೂರು ವರ್ಷದ್ದಿರುವಾಗಲೇ ತೀರಿಕೊಂಡರು. ಅಜ್ಜಿಯ ಆಸರೆಯಲ್ಲಿ ಬಾಲ್ಯ ಕಳೆಯಿತು. ಪ್ರೌಢ ಶಿಕ್ಷಣದ ನಂತರ ಅವರು ಮುಂಬಯಿಗೆ ತೆರಳಿ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು.

ಮುಂಬಯಿಯ ಈ ವರ್ಷಗಳಿಗೆ ಹಳಕಟ್ಟಿಯವರ ಜೀವನದಲ್ಲಿ ವಿಶೇಷ ಮಹತ್ವವಿದೆ. ಗುಜರಾತಿ ಮತ್ತು ಮರಾಠಿ ಮಾತನಾಡುವ ಸಹಪಾಠಿಗಳು ತಮ್ಮ ಭಾಷೆಯ ಬಗ್ಗೆ ತಳೆದಿದ್ದ ಅಭಿಮಾನವನ್ನೂ, ಕನ್ನಡಿಗರಲ್ಲಿದ್ದ ನಿರಾಸಕ್ತಿಯನ್ನೂ ಅವರು ಅಕ್ಕಪಕ್ಕದಲ್ಲಿಟ್ಟು ನೋಡಿದರು. ಹೊರನಾಡಿನಲ್ಲಿ ನಿಂತಾಗಲೇ ತಾಯ್ನುಡಿಯ ಬಡತನವೂ ಸಿರಿಯೂ ಸ್ಪಷ್ಟವಾಗಿ ಕಾಣುತ್ತವೆಂಬುದು ಹೊರನಾಡ ಕನ್ನಡಿಗರಿಗೆ ಹೊಸ ಮಾತೇನಲ್ಲ. ಕನ್ನಡಕ್ಕಾಗಿ ದುಡಿಯಬೇಕೆಂಬ ಸಂಕಲ್ಪ ಅಲ್ಲಿ ಮೊಳೆಯಿತು. ಆದರೆ ಸಂಕಲ್ಪ ಮಾಡಿದವರು ಆ ತಲೆಮಾರಿನಲ್ಲಿ ಹಲವರಿದ್ದರು. ಭಾಷಣದಲ್ಲಿ ಉರಿದು ಮನೆಗೆ ಬರುವಷ್ಟರಲ್ಲಿ ಆರಿಹೋಗುವ ಉತ್ಸಾಹಕ್ಕೆ ಯಾವ ಕಾಲದಲ್ಲಿಯೂ ಕೊರತೆಯಿಲ್ಲ. ಹಳಕಟ್ಟಿಯವರ ಸಂಕಲ್ಪಕ್ಕೆ ಒಂದು ನಿರ್ದಿಷ್ಟ ಕೆಲಸ ದೊರೆಯಿತೆಂಬುದೇ ಅವರ ಭಾಗ್ಯ, ಕನ್ನಡದ ಭಾಗ್ಯ ಕೂಡ.

ಆ ಕೆಲಸ ದೊರೆತದ್ದು ಬನಹಟ್ಟಿಯಲ್ಲಿ. ಅಲ್ಲಿನ ಮಂಚಾಲೆ ಮನೆತನದವರ ಬಳಿ ಇದ್ದ ತಾಳೆಯೋಲೆಯ ಕಟ್ಟುಗಳನ್ನು ಅವರು ಶತಮಾನದ ಆರಂಭದ ವರ್ಷಗಳಲ್ಲಿ ನೋಡಿದರು. ಪೂಜೆಯ ವಸ್ತುಗಳಾಗಿ ಉಳಿದುಬಂದಿದ್ದ ಆ ಕಟ್ಟುಗಳಲ್ಲಿ ಶರಣರ ವಚನಗಳಿದ್ದವು. ದೇವರ ಮುಂದೆ ಇರುವ ಮಾತು ಮನುಷ್ಯನ ಬದುಕನ್ನು ತಿದ್ದಬೇಕಾದ ಮಾತೆಂಬುದು ಅವುಗಳನ್ನು ಓದುತ್ತ ಹೋದಂತೆ ಅವರಿಗೆ ಮನವರಿಕೆಯಾಯಿತು. 1904ರಲ್ಲಿ ಕಾನೂನು ಪದವಿ ಪಡೆದು, ಬೆಳಗಾವಿಯಲ್ಲಿ ಕೆಲಕಾಲವಿದ್ದು, ಬಿಜಾಪುರದಲ್ಲಿ ವಕೀಲಿಗೆ ನಿಂತಾಗ ಅವರ ಬಳಿ ಎರಡು ವೃತ್ತಿಗಳಿದ್ದವು. ಒಂದು ಹೊಟ್ಟೆಗಾಗಿ, ಇನ್ನೊಂದು ತಾವು ನಂಬಿದ್ದಕ್ಕಾಗಿ.

ಓಲೆಗರಿಯ ಓದು ಎಂತಹ ಕೆಲಸವೆಂಬುದನ್ನು ಅಚ್ಚಾದ ಆವೃತ್ತಿಗಳಲ್ಲಿಯೇ ಬೆಳೆದ ಇಂದಿನ ವಿದ್ಯಾರ್ಥಿಗಳು ತಿಳಿಯುವುದು ಅಗತ್ಯ. ಪದಪದಗಳ ನಡುವೆ ಅಲ್ಲಿ ತೆರಪಿರುವುದಿಲ್ಲ, ವಿರಾಮ ಚಿಹ್ನೆಗಳಿರುವುದಿಲ್ಲ; ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಬರಹದಲ್ಲಿ ಸಾಮಾನ್ಯವಾಗಿ ಭೇದ ಕಾಣುವುದಿಲ್ಲ. ಗದ್ಯದಂತೆ ಒಂದೇ ಸಮನೆ ಸಾಗುವ ಸಾಲಿನಲ್ಲಿ ಒಂದು ವಚನ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಆರಂಭವಾಯಿತೆಂಬುದನ್ನು ಅಂಕಿತವನ್ನು ಹಿಡಿದು ಗುರುತಿಸಬೇಕು. ಗೆದ್ದಲು ತಿಂದ ಗರಿ, ಅಂಚು ಮುರಿದ ಗರಿ, ಕ್ರಮ ತಪ್ಪಿದ ಗರಿಗಳ ತೊಡಕು ಬೇರೆ. ಇಂತಹ ಕೆಲಸವನ್ನು ರಜೆಯ ದಿನದ ಹುರುಪಿನಲ್ಲಿ ಮಾಡಿ ಮುಗಿಸಲಾಗದು. ದಿನಕ್ಕೆ ಕೆಲವು ಗರಿಗಳಂತೆ ವರ್ಷಗಟ್ಟಲೆ ಕುಳಿತವರಿಗೇ ಅದು ಒಲಿಯುತ್ತದೆ. ಹಳಕಟ್ಟಿಯವರು ಹಾಗೆ ಕುಳಿತರು. ಹಳ್ಳಿಗಳಿಗೆ, ಮಠಗಳಿಗೆ ತಿರುಗಿ, ಕೊಡಲು ಹಿಂದೆಗೆದವರ ಮನವೊಲಿಸಿ, ಸಾವಿರಕ್ಕೂ ಮಿಕ್ಕ ಹಸ್ತಪ್ರತಿಗಳನ್ನು ಕಲೆಹಾಕಿದರು. ದಾಖಲೆಯಿಂದ ದಾಖಲೆಗೆ ಸಾಗಿ ಸಾಕ್ಷ್ಯವನ್ನು ಹೊಂದಿಸುವ ವಕೀಲರ ಶಿಸ್ತು ಇಲ್ಲಿ ಅವರಿಗೆ ನೆರವಾಗಿರಬೇಕು.

ಸುಮಾರು ಎರಡು ದಶಕಗಳ ಈ ಮೌನ ಪರಿಶ್ರಮದ ಫಲ 1923ರಲ್ಲಿ ಬೆಳಗಾವಿಯಲ್ಲಿ ಮುದ್ರಿತವಾದ ವಚನಶಾಸ್ತ್ರಸಾರದ ಮೊದಲ ಭಾಗ. ಅನೇಕ ಶರಣರ ವಚನಗಳನ್ನು ವಿಷಯಾನುಸಾರವಾಗಿ ಜೋಡಿಸಿದ ಈ ಗ್ರಂಥವು ಆಧುನಿಕ ವಚನಾಧ್ಯಯನದ ಬಾಗಿಲನ್ನು ತೆರೆಯಿತು. ಆದರೆ ಹಸ್ತಪ್ರತಿಯನ್ನು ಅಚ್ಚಿಗೆ ಕೊಟ್ಟು ಪರರ ಅನುಕೂಲಕ್ಕಾಗಿ ಕಾಯುವುದು ಎಷ್ಟು ತ್ರಾಸದಾಯಕವೆಂಬುದೂ ಅವರ ಅನುಭವಕ್ಕೆ ಬಂದಿತ್ತು. 1925ರಲ್ಲಿ ಅವರು ತಮ್ಮ ಸ್ವಂತ ಮನೆಯನ್ನು ಮಾರಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಆಮೇಲಿನ ಬದುಕು ಬಾಡಿಗೆಯ ಮನೆಯಲ್ಲಿ. ಪತ್ನಿ ಭಾಗೀರಥಿಬಾಯಿಯವರು ಬೆಳಗಾವಿಯ ಅನುಕೂಲಸ್ಥ ವಕೀಲರ ಮನೆತನದಿಂದ ಬಂದವರು. ಈ ಸಂಸಾರದ ತೂಗುವಿಕೆಯ ಭಾರವನ್ನು ಹೊತ್ತವರು ಆಕೆಯೆಂಬುದನ್ನು ಹಳಕಟ್ಟಿಯವರ ತ್ಯಾಗವನ್ನು ಕೊಂಡಾಡುವ ಲೇಖನಗಳು ಅನೇಕ ವೇಳೆ ಮರೆಯುತ್ತವೆ.

1926ರಲ್ಲಿ ಆರಂಭವಾದ ಶಿವಾನುಭವ ಪತ್ರಿಕೆ ಈ ಜೀವನದ ನಡುಗಂಬ. ಮೊದಲು ತ್ರೈಮಾಸಿಕವಾಗಿದ್ದು ಬಳಿಕ ಮಾಸಿಕವಾದ ಅದನ್ನು ಅವರು ಮೂರು ದಶಕಗಳಿಗೂ ಹೆಚ್ಚು ಕಾಲ ನಡೆಸಿದರು. ಅದನ್ನು ಪತ್ರಿಕೋದ್ಯಮದ ಇತಿಹಾಸದ ಒಂದು ಅಧ್ಯಾಯವೆಂದಷ್ಟೇ ನೋಡಿದರೆ ಸಾಲದು. ಪತ್ರಿಕೆಗೆ ಸಂಚಿಕೆಯ ಗಡುವು ಇರುತ್ತದೆ. ಚಂದಾದಾರರು ಎಷ್ಟೇ ಕಡಿಮೆಯಿದ್ದರೂ ಅವರಿಗೆ ಸಲ್ಲಬೇಕಾದ ಪುಟಗಳಿರುತ್ತವೆ. ಮನಸ್ಸು ಬಂದಾಗ ಸಂಪಾದಿಸುವ ಸ್ವಾತಂತ್ರ್ಯವನ್ನು ಹಳಕಟ್ಟಿಯವರು ತಾವಾಗಿಯೇ ಕಳೆದುಕೊಂಡರು. ಮುದ್ರಣಾಲಯವನ್ನು ಕೊಂಡವರಿಗೆ ಮೊಳೆಗಳನ್ನು ಸುಮ್ಮನಿರಿಸುವುದೂ ಸಾಧ್ಯವಿಲ್ಲ. ಓಲೆಗರಿಯನ್ನು ಓದಿ ಪ್ರತಿ ಮಾಡುವುದು, ಕರಡು ತಿದ್ದುವುದು, ಸಂಚಿಕೆಯನ್ನು ಕಟ್ಟಿ ಅಂಚೆಗೆ ಹಾಕುವುದು, ಸಂಚಿಕೆಗಳಲ್ಲಿ ಬಂದುದನ್ನು ಪುಸ್ತಕವಾಗಿಸುವುದು ಹೀಗೆ ಒಂದು ಕೆಲಸ ಇನ್ನೊಂದನ್ನು ಎಳೆದುತರುವ ವ್ಯವಸ್ಥೆಯೊಂದು ಏರ್ಪಟ್ಟಿತು. ನಂಬಿದ ಮೌಲ್ಯವು ಮನಸ್ಸಿನ ಏರಿಳಿತಕ್ಕೆ ಸಿಕ್ಕದಂತೆ ಅದಕ್ಕೊಂದು ದಿನಚರಿಯ ಕೋಟೆ ಕಟ್ಟಿದ ಜಾಣ್ಮೆ ಇದು. ಶೂನ್ಯಸಂಪಾದನೆ, ಹರಿಹರನ ರಗಳೆಗಳು, ಒಬ್ಬೊಬ್ಬ ಶರಣರ ವಚನ ಸಂಗ್ರಹಗಳು ಸೇರಿ ನೂರಕ್ಕೂ ಮಿಕ್ಕ ಪುಸ್ತಕಗಳು ಹೊರಬಂದದ್ದು ಈ ವ್ಯವಸ್ಥೆಯಿಂದಲೇ. ಕಾಯಕವನ್ನು ಕುರಿತು ಓದಿದವರು ಅನೇಕರು. ಅದನ್ನು ಓದುವುದನ್ನೇ ಕಾಯಕ ಮಾಡಿಕೊಂಡವರು ಇವರು.

ಸಾರ್ವಜನಿಕ ಜೀವನದಲ್ಲಿಯೂ ಅವರ ಕೈ ಸುಮ್ಮನಿರಲಿಲ್ಲ. 1910ರಲ್ಲಿ ಬಿಜಾಪುರದಲ್ಲಿ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಹುಟ್ಟಿಕೊಂಡದ್ದರಲ್ಲಿ ಅವರ ಪಾತ್ರ ದೊಡ್ಡದು. ನಗರಸಭೆಯಲ್ಲಿದ್ದು ಬರಪೀಡಿತ ಊರಿನ ನೀರಿನ ಚಿಂತೆ ಮಾಡಿದರು. 1920ರ ದಶಕದ ಆರಂಭದಲ್ಲಿ ಮುಂಬಯಿ ಶಾಸನ ಪರಿಷತ್ತಿನ ಸದಸ್ಯರಾದರು. 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯನ್ನು ತೆಗೆದರು. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.

ಸಂಪಾದಕರಾಗಿ ಹಳಕಟ್ಟಿಯವರ ಕೆಲಸವನ್ನು ಇಂದಿನ ಗ್ರಂಥಸಂಪಾದನ ಶಾಸ್ತ್ರದ ಒರೆಗಲ್ಲಿಗೆ ಹಚ್ಚಿದರೆ ಕೊರತೆಗಳು ಕಾಣದಿರವು. ಪಾಠಾಂತರಗಳನ್ನು ಅವರು ಎಲ್ಲೆಡೆ ವಿವರವಾಗಿ ಕೊಡಲಿಲ್ಲ. ಪ್ರತಿಗಳ ಪರಸ್ಪರ ಸಂಬಂಧವನ್ನು ನಿಷ್ಕರ್ಷೆ ಮಾಡುವ ಕೆಲಸ ಮುಂದಿನ ತಲೆಮಾರಿಗೆ ಉಳಿಯಿತು. ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ ಮೊದಲಾದ ವಿದ್ವಾಂಸರು ಅದನ್ನು ಮುಂದುವರಿಸಿದರು. ವಚನಗಳನ್ನು ಶಾಸ್ತ್ರವೆಂದು ಕರೆದುದರ ಔಚಿತ್ಯವನ್ನು ಕುರಿತೂ ಚರ್ಚೆಗೆ ಎಡೆಯಿದೆ. ಹಾಗೆ ಕರೆದಾಗ ವಚನದೊಳಗಿನ ಕವಿ ಕೊಂಚ ಹಿಂದೆ ಸರಿಯುತ್ತಾನೆ. ಆದರೆ ಗರಿಗಳು ದಿನದಿಂದ ದಿನಕ್ಕೆ ಪುಡಿಯಾಗುತ್ತಿದ್ದ ಕಾಲದಲ್ಲಿ ಪರಿಪೂರ್ಣ ಆವೃತ್ತಿಗಾಗಿ ಕಾಯುವುದೇ, ದೊರೆತುದನ್ನು ಕೂಡಲೇ ಅಚ್ಚಿಗೆ ತರುವುದೇ ಎಂಬ ಆಯ್ಕೆ ಅವರ ಮುಂದಿತ್ತು. ಅವರು ಎರಡನೆಯದನ್ನು ಆರಿಸಿಕೊಂಡರು. ಕರ್ನಾಟಕ ಸರಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ 1993ರಲ್ಲಿ ಪ್ರಕಟಿಸಿದಾಗ ಅದರ ಬುನಾದಿಯಲ್ಲಿ ಈ ಆಯ್ಕೆಯೂ ಇತ್ತು.

ಹಣದ ಅಡಚಣೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಹರಿದ ಕೋಟಿನ ಮೇಲೆ ಉತ್ತರೀಯ ಹೊದ್ದು ಸಭೆಗೆ ಹೋದರೆಂಬ ಕಥೆಗಳು ಬಿಜಾಪುರದ ಸೀಮೆಯಲ್ಲಿ ಪ್ರಚಲಿತವಾಗಿವೆ. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಿ.ಲಿಟ್. ಪದವಿ ನೀಡಿದಾಗ ಅವರಿಗೆ ಎಪ್ಪತ್ತಾರರ ಪ್ರಾಯ. ಅದೇ ವರ್ಷ, ಅವರು ಬಯಸಿದ್ದಂತೆ, ಕನ್ನಡ ನಾಡು ಒಂದಾಯಿತು. ಪತ್ರಿಕೆಯ ಕೆಲಸ ಅದರ ನಂತರವೂ ಕೆಲವು ವರ್ಷ ನಡೆಯಿತು. 1964ರ ಜೂನ್ 29ರಂದು ಹಳಕಟ್ಟಿಯವರು ಬಿಜಾಪುರದಲ್ಲಿ ನಿಧನರಾದರು. 2014ರಿಂದ ವಿಜಯಪುರವೆಂಬ ಹೆಸರು ಪಡೆದಿರುವ ಆ ನಗರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದ್ದು, ಅವರ ಸಮಗ್ರ ಸಾಹಿತ್ಯವನ್ನು ಸಂಪುಟಗಳಾಗಿ ಹೊರತಂದಿದೆ.