ಟರ್ಬೊಪ್ರಾಪ್ ಎಂಜಿನ್ನಿನ ಜನಕ ಜೆಂಡ್ರಾಸಿಕ್

ಮಕ್ಕಳೇ, ಜಾತ್ರೆಯಲ್ಲಿ ಕೊಂಡ ಕಾಗದದ ಗಿರಗಿಟ್ಲೆ ಹಿಡಿದು ನೀವು ಓಡಿರಬಹುದು. ಗಾಳಿ ಬಡಿದರೆ ಗಿರಗಿಟ್ಲೆ ತಿರುಗುತ್ತದೆ. ಫ್ಯಾನಿನ ಕೆಲಸ ಇದಕ್ಕೆ ವಿರುದ್ಧ. ಅದು ತಿರುಗಿದರೆ ಗಾಳಿ ಬೀಸುತ್ತದೆ. ಇವೆರಡನ್ನೂ ಒಂದೇ ಯಂತ್ರದಲ್ಲಿ ಸೇರಿಸಿದರೆ ವಿಮಾನ ಹಾರಿಸಬಹುದೇ? ಹಾರಿಸಬಹುದು ಎಂದು ನಂಬಿ ಅಂತಹ ಎಂಜಿನ್ ತಯಾರಿಸಿದವರು ಹಂಗೇರಿ ದೇಶದ ಜಾರ್ಜ್ ಜೆಂಡ್ರಾಸಿಕ್. ಅವರ ದೇಶದವರು ಈ ಹೆಸರನ್ನು ಯೆಂಡ್ರಾಶಿಕ್ ಎಂದು ಉಚ್ಚರಿಸುತ್ತಾರೆ.

ಜೆಂಡ್ರಾಸಿಕ್ 1898ರ ಮೇ 13ರಂದು ಬುಡಾಪೆಸ್ಟ್ ನಗರದಲ್ಲಿ ಜನಿಸಿದರು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದಿದರು. ಬರ್ಲಿನ್‌ಗೆ ಹೋಗಿ ಐನ್‌ಸ್ಟೈನ್ ಮತ್ತು ಪ್ಲಾಂಕ್ ಅವರ ಪಾಠಗಳನ್ನೂ ಕೇಳಿದರು. 1927ರಲ್ಲಿ ಬುಡಾಪೆಸ್ಟ್‌ನ ಗಾನ್ಜ್ ಕಾರ್ಖಾನೆಗೆ ಎಂಜಿನಿಯರ್ ಆಗಿ ಸೇರಿದರು.

ಅಲ್ಲಿ ಅವರು ಮೊದಲು ಹೆಸರು ಗಳಿಸಿದ್ದು ಡೀಸೆಲ್ ಎಂಜಿನ್‌ಗಳಿಂದ. ಅವರ ಎಂಜಿನ್ ಜೋಡಿಸಿದ 'ಅರ್ಪಾದ್' ಎಂಬ ರೈಲುಬಂಡಿ 1934ರಲ್ಲಿ ಬುಡಾಪೆಸ್ಟ್‌ನಿಂದ ವಿಯೆನ್ನಾಕ್ಕೆ ಸುಮಾರು 3 ಗಂಟೆಗಳಲ್ಲಿ ತಲುಪುತ್ತಿತ್ತು.

ಆದರೆ ಅವರ ಮನಸ್ಸು ಇನ್ನೊಂದು ಯಂತ್ರದ ಕಡೆಗಿತ್ತು. ಡೀಸೆಲ್ ಎಂಜಿನ್ನಿನಲ್ಲಿ ಪಿಸ್ಟನ್ ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ. ಆ ಚಲನೆಯನ್ನು ಚಕ್ರದ ತಿರುಗುವಿಕೆಯಾಗಿ ಬದಲಾಯಿಸಬೇಕು. ಇದರ ಬದಲು ಬಿಸಿ ಅನಿಲವೇ ನೇರವಾಗಿ ಚಕ್ರವನ್ನು ತಿರುಗಿಸಿದರೆ? ಇದೇ ಗ್ಯಾಸ್ ಟರ್ಬೈನ್. 1937ರಲ್ಲಿ ಅವರು 100 ಅಶ್ವಶಕ್ತಿಯ ಒಂದು ಪುಟ್ಟ ಗ್ಯಾಸ್ ಟರ್ಬೈನನ್ನು ಓಡಿಸಿ ನೋಡಿದರು.

ಮುಂದಿನ ಹೆಜ್ಜೆ ವಿಮಾನದ ಎಂಜಿನ್. ಅದರ ಹೆಸರು ಸಿಎಸ್-1. ಅದು ಕೆಲಸ ಮಾಡುವ ಬಗೆ ಹೀಗೆ. ಮುಂಭಾಗದಲ್ಲಿ ಸಾಲಾಗಿರುವ ಅಲಗುಗಳ 15 ಹಂತಗಳು ಗಾಳಿಯನ್ನು ಒಳಗೆಳೆದು ಒತ್ತುತ್ತವೆ. ಒತ್ತಿದ ಗಾಳಿಯಲ್ಲಿ ಇಂಧನ ಉರಿಯುತ್ತದೆ. ಬಿಸಿಯಾಗಿ ಹಿಗ್ಗಿದ ಅನಿಲ ಹಿಂಭಾಗದ 7 ಹಂತಗಳ ಟರ್ಬೈನನ್ನು ಗಿರಗಿಟ್ಲೆಯಂತೆ ತಿರುಗಿಸುತ್ತದೆ. ಈ ಶಕ್ತಿಯ ಒಂದು ಪಾಲು ಗಾಳಿಯನ್ನು ಒತ್ತಲು ಖರ್ಚಾಗುತ್ತದೆ. ಉಳಿದ ಪಾಲು ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಟರ್ಬೈನ್ ನಿಮಿಷಕ್ಕೆ 13,500 ಸುತ್ತು ತಿರುಗುವಂತೆ ಯೋಜಿಸಲಾಗಿತ್ತು. ಪ್ರೊಪೆಲ್ಲರ್‌ಗೆ ಅಷ್ಟು ವೇಗ ಒಗ್ಗದು. ಆದ್ದರಿಂದ ನಡುವೆ ಹಲ್ಲುಚಕ್ರಗಳನ್ನಿಟ್ಟು ವೇಗವನ್ನು ಸುಮಾರು 1,600 ಸುತ್ತಿಗೆ ಇಳಿಸಿದ್ದರು.

1940ರಲ್ಲಿ ಈ ಎಂಜಿನ್ ಮೊದಲ ಬಾರಿಗೆ ಓಡಿತು. ಜಗತ್ತಿನಲ್ಲಿ ಓಡಿದ ಮೊದಲ ಟರ್ಬೊಪ್ರಾಪ್ ಎಂಜಿನ್ ಇದೇ. ಆದರೆ ಬೆಂಕಿ ಸರಿಯಾಗಿ ಉರಿಯಲಿಲ್ಲ. 1,000 ಅಶ್ವಶಕ್ತಿ ನೀಡಬೇಕಿದ್ದ ಎಂಜಿನ್ ಸುಮಾರು 400 ಅಶ್ವಶಕ್ತಿಯನ್ನಷ್ಟೇ ನೀಡಿತು. ದೋಷ ತಿದ್ದಲು ಸಮಯ ಬೇಕಿತ್ತು. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. 1941ರಲ್ಲಿ ಹಂಗೇರಿಯ ವಾಯುಪಡೆಗೆ ಜರ್ಮನಿಯ ವಿಮಾನವನ್ನು ಆರಿಸಲಾಯಿತು. ಅದರ ಪಿಸ್ಟನ್ ಎಂಜಿನ್ ತಯಾರಿಸುವ ಕೆಲಸ ಕಾರ್ಖಾನೆಗೆ ಬಂತು. ಸಿಎಸ್-1ರ ಕೆಲಸ ನಿಂತುಹೋಯಿತು. ಅದಕ್ಕಾಗಿ ಕಟ್ಟುತ್ತಿದ್ದ ವಿಮಾನವೂ ಬಾಂಬ್ ದಾಳಿಯಲ್ಲಿ ನಾಶವಾಯಿತು. ಜೆಂಡ್ರಾಸಿಕ್ ಅವರ ಎಂಜಿನ್ ಒಮ್ಮೆಯೂ ಆಕಾಶಕ್ಕೆ ಏರಲಿಲ್ಲ.

ಟರ್ಬೊಪ್ರಾಪ್‌ನಿಂದ ಹಾರಿದ ಮೊದಲ ವಿಮಾನ ಬ್ರಿಟನ್ನಿನದು. 1945ರ ಸೆಪ್ಟೆಂಬರ್ 20ರಂದು ರೋಲ್ಸ್-ರಾಯ್ಸ್ ಎಂಜಿನ್‌ಗಳ ಬಲದಿಂದ ಗ್ಲಾಸ್ಟರ್ ಮೀಟಿಯರ್ ವಿಮಾನ ಹಾರಿತು. 1947ರಲ್ಲಿ ಜೆಂಡ್ರಾಸಿಕ್ ತಾಯ್ನಾಡನ್ನು ತೊರೆದರು. ಅರ್ಜೆಂಟೀನಾಕ್ಕೆ, ಬಳಿಕ ಲಂಡನ್‌ಗೆ ಹೋದರು. ಅಲ್ಲಿಯೂ ಸಂಶೋಧನೆ ಬಿಡಲಿಲ್ಲ. 1953ರ ಏಪ್ರಿಲ್‌ನಲ್ಲಿ ವೈಕೌಂಟ್ ಎಂಬ ಟರ್ಬೊಪ್ರಾಪ್ ವಿಮಾನ ಅದೇ ಲಂಡನ್‌ನಿಂದ ಪ್ರಯಾಣಿಕರ ನಿಯಮಿತ ಸೇವೆ ಆರಂಭಿಸಿತು. ಮರುವರ್ಷ, 1954ರ ಫೆಬ್ರವರಿ 8ರಂದು, 55ನೆಯ ವಯಸ್ಸಿನಲ್ಲಿ ಜೆಂಡ್ರಾಸಿಕ್ ನಿಧನರಾದರು.

ಜೆಟ್ ವಿಮಾನಗಳಿರುವಾಗ ಟರ್ಬೊಪ್ರಾಪ್ ಏಕೆ ಬೇಕು? ಸಾದಾ ಜೆಟ್ ಎಂಜಿನ್ ಸ್ವಲ್ಪ ಗಾಳಿಯನ್ನು ಬಹಳ ರಭಸದಿಂದ ಹಿಂದಕ್ಕೆ ತಳ್ಳುತ್ತದೆ. ಪ್ರೊಪೆಲ್ಲರ್ ಹೆಚ್ಚು ಗಾಳಿಯನ್ನು ಕಡಿಮೆ ರಭಸದಿಂದ ತಳ್ಳುತ್ತದೆ. ಆದ್ದರಿಂದ ಸಾಧಾರಣ ವೇಗದ ಹಾರಾಟದಲ್ಲಿ ಇಂಧನ ಉಳಿಯುತ್ತದೆ. ಚಿಕ್ಕ ಓಡುದಾರಿಯಿಂದಲೂ ಮೇಲೇರಬಹುದು. ಬಹಳ ಹೆಚ್ಚಿನ ವೇಗಕ್ಕೆ ಮಾತ್ರ ಇದು ತಕ್ಕುದಲ್ಲ. 1982ರಲ್ಲಿ ಅಮೆರಿಕದಲ್ಲಿ ಮೊದಲು ಹಾರಿದ ಸೆಸ್ನಾ ಕ್ಯಾರವಾನ್ ಎಂಬ ಪುಟ್ಟ ವಿಮಾನವನ್ನೇ ನೋಡಿ. ಅದಕ್ಕಿರುವುದು ಒಂದೇ ಟರ್ಬೊಪ್ರಾಪ್ ಎಂಜಿನ್. ಅದು ಗಂಟೆಗೆ ಸುಮಾರು 340 ಕಿ.ಮೀ. ವೇಗದಲ್ಲಿ ಹಾರಬಲ್ಲದು. ಮಣ್ಣಿನ ಓಡುದಾರಿಯಲ್ಲೂ ಇಳಿಯಬಲ್ಲದು.

ನಮ್ಮ ಬೆಂಗಳೂರಿನಲ್ಲೂ ಇಂತಹ ವಿಮಾನ ತಯಾರಾಗಿದೆ. ಎಚ್.ಎ.ಎಲ್. ರೂಪಿಸಿದ ತರಬೇತಿ ವಿಮಾನ ಎಚ್‌ಟಿಟಿ-40, 2016ರ ಮೇ 31ರಂದು ಮೊದಲ ಬಾರಿಗೆ ಹಾರಿತು. ಅದರ ಮೂಗಿನಲ್ಲಿರುವುದೂ ಟರ್ಬೊಪ್ರಾಪ್ ಎಂಜಿನ್ನೇ. ಒಬ್ಬರು ಅರ್ಧಕ್ಕೆ ಬಿಡಬೇಕಾದ ಕೆಲಸವನ್ನು ಬೇರೆಯವರು ಬೇರೆ ನಾಡಿನಲ್ಲಿ ಪೂರೈಸುವುದುಂಟು. ವಿಜ್ಞಾನ ಬೆಳೆಯುವುದೇ ಹೀಗೆ.