ನಮ್ಮೂರ ಕತೆ ಕೂಡಿಟ್ಟವನು ಕೋಲ್ಕತ್ತಾದಲ್ಲಿ ಮಲಗಿದ್ದಾನೆ

ಕೋಲ್ಕತ್ತಾಗೆ ಕೆಲಸಕ್ಕೆ ಬಂದ ನಾವು ಕಾಳಿಘಾಟ್, ಹೌರಾ ಸೇತುವೆ, ವಿಕ್ಟೋರಿಯಾ ಸ್ಮಾರಕ ಎಲ್ಲವನ್ನೂ ನೋಡುತ್ತೇವೆ. ಪಾರ್ಕ್ ಸ್ಟ್ರೀಟಿನ ಹಳೇ ಸ್ಮಶಾನದ ಕಡೆ ಹೋಗುವವರು ಕಡಿಮೆ. ಪಾಚಿಗಟ್ಟಿದ ಗೋರಿಗಳ ನಡುವೆ ಅಲ್ಲಿ ಕರ್ನಲ್ ಕಾಲಿನ್ ಮೆಕೆಂಜಿಯ ಸಮಾಧಿಯಿದೆ. ಕನ್ನಡಿಗರಾದ ನಾವು ಒಮ್ಮೆ ನಿಂತು ಬರಬೇಕಾದ ಜಾಗವದು.

ಮೆಕೆಂಜಿ ಹುಟ್ಟಿದ್ದು 1754ರಲ್ಲಿ, ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ. 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಮದ್ರಾಸಿಗೆ ಬಂದ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆ ಅವನ ಪಾಲಿಗೆ ಬಂತು. ಕಂಪನಿಗೆ ಬೇಕಾಗಿದ್ದದ್ದು ಆಳಲು ಅನುಕೂಲವಾಗುವ ನಕ್ಷೆ. ಮೆಕೆಂಜಿ ಅಷ್ಟಕ್ಕೇ ನಿಲ್ಲಲಿಲ್ಲ. ಓಲೆಗರಿ, ತಾಮ್ರಶಾಸನ, ನಾಣ್ಯ, ವಿಗ್ರಹ, ಗುಡಿಗಳ ಚಿತ್ರ, ಹೀಗೆ ಕಂಡದ್ದನ್ನೆಲ್ಲ ಕೂಡಿಡತೊಡಗಿದ. ಖರ್ಚಿನ ಬಹುಪಾಲು ಅವನ ಜೇಬಿನದೇ. ಹಂಪಿಯ ಅವಶೇಷಗಳ ಮೊದಲ ಸರ್ವೆ ನಕ್ಷೆಯೂ ಅವನದು.

ಆದರೆ ಅವನಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಊರೂರು ತಿರುಗಿ ಶಾನುಭೋಗರು, ಅರ್ಚಕರು, ಹಿರಿಯರನ್ನು ಮಾತಾಡಿಸಿ ಊರಿನ ಕೈಫಿಯತ್ತು ಬರೆಸಿದವರು ಅವನ ದೇಶಿ ಸಹಾಯಕರು. ತೆಲುಗು ನಾಡಿನ ಕಾವಲಿ ಸೋದರರಾದ ಬೊರ್ರಯ್ಯ ಮತ್ತು ಲಕ್ಷ್ಮಯ್ಯ, ಜೈನ ಪಂಡಿತ ಧರ್ಮಯ್ಯ ಅವರಲ್ಲಿ ಮುಖ್ಯರು. ಬೊರ್ರಯ್ಯ 1803ರಲ್ಲಿ ಎಳೆ ವಯಸ್ಸಿನಲ್ಲೇ ತೀರಿಕೊಂಡ. ಮಲೆಯೂರಿನ ಕನಕಗಿರಿಯಲ್ಲಿ ಮಾಹಿತಿ ಒದಗಿಸಿದವನು ಕವಿ ದೇವಚಂದ್ರ. ಮುಂದೆ 'ರಾಜಾವಳಿ ಕಥೆ' ಬರೆದವನೂ ಅವನೇ.

1815ರಲ್ಲಿ ಮೆಕೆಂಜಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. 1816ರಲ್ಲಿ ಥಾಮಸ್ ಹಿಕಿ ಬರೆದ ಅವನ ಭಾವಚಿತ್ರದಲ್ಲಿ ಸಹಾಯಕರೂ ಇದ್ದಾರೆ. ಹಿನ್ನೆಲೆಯಲ್ಲಿ, ಬೆಟ್ಟದ ಮೇಲೆ ನಿಂತಿರುವವನು ನಮ್ಮ ಕಾರ್ಕಳದ ಗೊಮ್ಮಟ.

1817ರಲ್ಲಿ ಸಂಗ್ರಹದೊಂದಿಗೆ ಕಲ್ಕತ್ತೆಗೆ ಬಂದ ಮೆಕೆಂಜಿ, ಅದನ್ನೆಲ್ಲ ಜೋಡಿಸಿ ಪಟ್ಟಿ ಮಾಡುವ ಆಸೆ ಈಡೇರುವ ಮೊದಲೇ 1821ರ ಮೇ 8ರಂದು ತೀರಿಕೊಂಡ. ಕಂಪನಿ ಅವನ ಹೆಂಡತಿಯಿಂದ ಸಂಗ್ರಹವನ್ನು ಕೊಂಡಿತು. 1828ರಲ್ಲಿ ಎಚ್.ಎಚ್. ವಿಲ್ಸನ್ ಕಲ್ಕತ್ತೆಯಲ್ಲೇ ಪ್ರಕಟಿಸಿದ ಪಟ್ಟಿಯಲ್ಲಿ 1,500ಕ್ಕೂ ಹೆಚ್ಚು ಹಸ್ತಪ್ರತಿ, 8,000ಕ್ಕೂ ಹೆಚ್ಚು ಶಾಸನಪ್ರತಿ, 6,000ಕ್ಕೂ ಹೆಚ್ಚು ನಾಣ್ಯಗಳಿವೆ. ಉಳಿದ ಕೆಲಸ ಮುಂದುವರಿಸುತ್ತೇನೆಂದು ಲಕ್ಷ್ಮಯ್ಯ ಕೇಳಿಕೊಂಡರೆ, ಏಷ್ಯಾಟಿಕ್ ಸೊಸೈಟಿಯ ವಿದ್ವಾಂಸರು ಅವನಿಗೆ ಆ ಯೋಗ್ಯತೆಯಿಲ್ಲವೆಂದರು. ಊರೂರು ಅಲೆದು ಕೂಡಿಸಿದವನಿಗೇ ಅದನ್ನು ಜೋಡಿಸಲು ಬಾರದಂತೆ!

ಸಂಗ್ರಹ ಚೆನ್ನೈ, ಲಂಡನ್ನುಗಳಿಗೆ ಹಂಚಿಹೋಯಿತು. ಕನ್ನಡದ ಕೈಫಿಯತ್ತುಗಳು ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ, ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಪುಸ್ತಕವಾಗಿ ನಮ್ಮ ಕೈಗೆ ಮರಳಿವೆ.

ನಮ್ಮ ಮನೆಯ ಅಟ್ಟದಲ್ಲೂ ಮುತ್ತಜ್ಜನ ಕಡತಗಳ ಗಂಟೊಂದಿತ್ತು. ಮನೆ ರಿಪೇರಿಯ ವರ್ಷ ಅದು ಬಚ್ಚಲ ಒಲೆ ಸೇರಿತು. ಆಗ ನಾನು ಬೇರೆ ಊರಲ್ಲಿದ್ದೆ, ಯಾರೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ಬಹುಶಃ ಬೇಡವೆನ್ನುತ್ತಿರಲಿಲ್ಲ. ಮೆಕೆಂಜಿಯ ಗೋರಿಯೆದುರು ನಿಂತಾಗ ನೆನಪಾದದ್ದು ಆ ಗಂಟು. ಪರದೇಶದವನ ಸಹಾಯಕರು ಬಾಗಿಲು ತಟ್ಟಿ ಕೇಳಿ ಉಳಿಸಿದ್ದನ್ನು, ಮನೆಯವರಾದ ನಾವು ಬಿಸಿನೀರಿಗೆ ಉರಿಸಿದ್ದೆವು.