ಮನೆತನದ ರೋಗವನ್ನು ಬರೆದಿಟ್ಟ ವೈದ್ಯ

ಹತ್ತನೆಯ ತರಗತಿಯಲ್ಲಿ ಮೆಂಡೆಲ್‌ನ ಬಟಾಣಿ ಗಿಡಗಳ ಪಾಠ ಓದಿದ ನಮಗೆಲ್ಲ ಅನುವಂಶೀಯತೆ ಎಂದರೇನೆಂದು ಗೊತ್ತು. ಕೆಲವು ಮನೆತನಗಳಲ್ಲಿ ಕ್ಯಾನ್ಸರ್ ಕೂಡ ಹೀಗೆ ಇಳಿದುಬರುತ್ತದೆ ಎಂದು ದಾಖಲೆ ಸಮೇತ ತೋರಿಸಿದ ಡಾ. ಆಲ್ಡ್ರೆಡ್ ಸ್ಕಾಟ್ ವಾರ್ತಿನ್ ಅವರನ್ನು ನಮ್ಮ ಶಾಲೆಯ ಇಂದಿನ ಮಕ್ಕಳಿಗೆ ಪರಿಚಯಿಸುವ ಆಸೆ ನನ್ನದು.

ವಾರ್ತಿನ್ 1866ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಹುಟ್ಟಿದರು. ಮೊದಲು ಸಂಗೀತ ಕಲಿತರು. ಆಮೇಲೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ, ಅಲ್ಲಿಯೇ ರೋಗಶಾಸ್ತ್ರದ ಪ್ರಾಧ್ಯಾಪಕರಾದರು. 1895ರಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬರು ತಮ್ಮ ಮನೆತನದ ಅನೇಕರು ಕ್ಯಾನ್ಸರಿನಿಂದ ಸತ್ತಿದ್ದಾರೆ, ತನಗೂ ಅದೇ ಗತಿ ಎಂದು ಅವರಲ್ಲಿ ಹೇಳಿಕೊಂಡರು. ಬೇರೆಯವರಾದರೆ ಸಮಾಧಾನ ಹೇಳಿ ಕಳಿಸುತ್ತಿದ್ದರೇನೋ. ವಾರ್ತಿನ್ ಆ ಮನೆತನದ ವಂಶವೃಕ್ಷವನ್ನೇ ಬರೆಯತೊಡಗಿದರು. 1913ರಲ್ಲಿ 'ಜಿ ಕುಟುಂಬ' ಎಂಬ ಹೆಸರಿನಲ್ಲಿ ಅದನ್ನು ಪ್ರಕಟಿಸಿದರು. ಆ ಮಹಿಳೆ ಮುಂದೆ ಗರ್ಭಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು.

ವಾರ್ತಿನ್ 1931ರಲ್ಲಿ ನಿಧನರಾದರು. ಅವರ ಕಾಲದಲ್ಲಿ ಈ ಕೆಲಸಕ್ಕೆ ತಕ್ಕ ಮನ್ನಣೆ ಸಿಗಲಿಲ್ಲ. ಆದರೆ ಕಾಗದಗಳು ಉಳಿದಿದ್ದವು. ಡಾ. ಹೆನ್ರಿ ಲಿಂಚ್ ಅವುಗಳನ್ನು ಮುಂದುವರಿಸಿ 1971ರಲ್ಲಿ ಅದೇ ಕುಟುಂಬದ ಬಗ್ಗೆ ಮತ್ತೆ ಬರೆದರು. ಆ ಹೊತ್ತಿಗೆ ಕುಟುಂಬದಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚಾಗಿತ್ತು. ಈ ಕಾಯಿಲೆಗೆ ಇಂದು ಲಿಂಚ್ ಸಿಂಡ್ರೋಮ್ ಎಂದು ಹೆಸರು.

ಕಾರಣ ತಿಳಿದದ್ದು ಇನ್ನೂ ತಡವಾಗಿ. ಜೀವಕೋಶ ಇಬ್ಭಾಗವಾಗುವ ಮೊದಲು ಡಿಎನ್ಎಯ ನಕಲು ತಯಾರಾಗುತ್ತದೆ. ಆಗ ಅಕ್ಷರ ತಪ್ಪುಗಳು ಆಗುತ್ತವೆ. ನಾವು ಸಾಫ್ಟ್‌ವೇರ್‌ನವರು ಬರೆದ ಕೋಡನ್ನು ಇನ್ನೊಬ್ಬರು ಪರಿಶೀಲಿಸುವಂತೆ, ಆ ತಪ್ಪುಗಳನ್ನು ಹಿಡಿದು ತಿದ್ದುವ ಪ್ರೋಟೀನುಗಳು ನಮ್ಮ ಕೋಶಗಳಲ್ಲಿವೆ. ಅಂಥ ಒಂದು ಪ್ರೋಟೀನಿನ ಜೀನ್ ಎಂಎಸ್ಎಚ್2. ಅದು ಪತ್ತೆಯಾದದ್ದು 1993ರಲ್ಲಿ. ಜಿ ಕುಟುಂಬದಲ್ಲಿ ಕೆಟ್ಟಿದ್ದು ಇದೇ ಜೀನ್ ಎಂದು 2000ದಲ್ಲಿ ತಿಳಿಯಿತು. ದೋಷವಿರುವ ತಂದೆ ಅಥವಾ ತಾಯಿಯಿಂದ ಅದು ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು. ಜೀನ್‌ನ ಉಳಿದೊಂದು ಸರಿಯಾದ ಪ್ರತಿಯೂ ಯಾವುದಾದರೂ ಕೋಶದಲ್ಲಿ ಕೆಟ್ಟರೆ, ಅಲ್ಲಿ ತಪ್ಪುಗಳು ತಿದ್ದುವವರಿಲ್ಲದೆ ಕೂಡುತ್ತಾ ಹೋಗುತ್ತವೆ.

ನನ್ನ ಅಜ್ಜ, ದೊಡ್ಡಪ್ಪ ಇಬ್ಬರೂ ಐವತ್ತು ತುಂಬುವ ಮೊದಲೇ ಹೋದರು. ಮನೆಯಲ್ಲಿ ಅದಕ್ಕೆ ಹೊಟ್ಟೆನೋವು ಎಂದಷ್ಟೇ ಹೇಳುತ್ತಾರೆ. ಒಂದು ಚೀಟಿಯೂ ಉಳಿದಿಲ್ಲ. ವಾರ್ತಿನ್ ಕಥೆ ಓದಿದ ಮೇಲೆ ನಾನು ಮನೆಯ ಹಿರಿಯರನ್ನು ಕೇಳಿ, ಯಾರಿಗೆ ಯಾವ ವಯಸ್ಸಿನಲ್ಲಿ ಏನಾಯಿತೆಂದು ಬರೆದಿಟ್ಟು ವೈದ್ಯರಿಗೆ ತೋರಿಸಿದೆ. ಅವರ ಸಲಹೆಯಂತೆ ಕೊಲೊನೋಸ್ಕೋಪಿಯನ್ನೂ ಮಾಡಿಸಿಕೊಂಡೆ. ಅದರಲ್ಲಿ ಕಾಣುವ ಸಣ್ಣ ಗಂಟುಗಳನ್ನು ಆಗಲೇ ತೆಗೆದರೆ ಎಷ್ಟೋ ಕ್ಯಾನ್ಸರುಗಳು ಹುಟ್ಟುವುದೇ ಇಲ್ಲ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಅಜ್ಜ ಅಜ್ಜಿಯರು ಇರುವಾಗಲೇ ಕೇಳಿ, ಬರೆದಿಡಿ.